ತಾರಸಿಯ ಸೌರ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ಜೋಡಿಸುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ನೆಟ್ ಮೀಟರಿಂಗ್ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಬಿಸಿಲಿಗೆ ಬರವಿಲ್ಲ. ನೆರಳು ಬೀಳದ ತಾರಸಿಯ ಮೇಲೆ ಸರಿಯಾಗಿ ಕೂರಿಸಿದ 1 ಕಿಲೋವ್ಯಾಟ್ ಸಾಮರ್ಥ್ಯದ ಸೋಲಾರ್ ಪ್ಯಾನೆಲ್‌ಗಳು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ವಿದ್ಯುತ್ ಕೊಡುತ್ತವೆ. ಹೀಗಿದ್ದರೂ ಪ್ಯಾನೆಲ್ ಹಾಕಿಸಿದ ಎಷ್ಟೋ ಮನೆಗಳಲ್ಲಿ ಬಿಲ್ ಅಂದುಕೊಂಡಷ್ಟು ಇಳಿಯುವುದಿಲ್ಲ. ಅದಕ್ಕೆ ಕಾರಣ ಬಹುಮಟ್ಟಿಗೆ ಬಿಸಿಲಾಗಲಿ ಪ್ಯಾನೆಲ್ ಆಗಲಿ ಅಲ್ಲ. ಮುಂಗಡ ಕೊಡುವ ಮೊದಲೇ ನೋಡಬೇಕಾಗಿದ್ದ ಹಳೆಯ ಬಿಲ್ಲುಗಳು, ಮೀಟರ್ ಯಾರ ಹೆಸರಿನಲ್ಲಿದೆ ಎಂಬ ದಾಖಲೆ, ತಾರಸಿಯ ನೆರಳು, ಮಂಜೂರಾದ ಲೋಡ್ (ಮನೆಗೆ ಬೆಸ್ಕಾಂ ಒಪ್ಪಿರುವ ಗರಿಷ್ಠ ಕಿಲೋವ್ಯಾಟ್) ಇವುಗಳನ್ನು ಯಾರೂ ನೋಡದೆ ಹೋಗಿರುವುದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಬ್ಬಿಣದ ಚೌಕಟ್ಟು ಮೇಲೇರುವುದಕ್ಕೆ ಮುಂಚಿನ ಕೆಲಸಗಳಿಗೇ ಹೆಚ್ಚು ಜಾಗ ಕೊಡಲಾಗಿದೆ.

ನೆಟ್ ಮೀಟರಿಂಗ್ ಎಂದರೆ ನಡೆಯುವುದೇನು

ಪ್ಯಾನೆಲ್‌ಗಳಿಂದ ಬರುವ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ತನ್ನು ಇನ್ವರ್ಟರ್ ಮನೆಯಲ್ಲಿ ಬಳಸುವ ಎಸಿ ವಿದ್ಯುತ್ತಾಗಿ ಮಾರ್ಪಡಿಸಿ ಮನೆಯ ವೈರಿಂಗ್‌ಗೆ ಕೊಡುತ್ತದೆ. ಮಧ್ಯಾಹ್ನ 12ರ ಹೊತ್ತಿಗೆ 3 ಕಿಲೋವ್ಯಾಟ್ ಘಟಕವು 2.2 ಕಿಲೋವ್ಯಾಟ್ ಉತ್ಪಾದಿಸುತ್ತಿದೆ, ಆ ಹೊತ್ತಿನಲ್ಲಿ ಮನೆಯಲ್ಲಿ ಫ್ರಿಜ್ ಮತ್ತು ಎರಡು ಫ್ಯಾನ್ ಸೇರಿ ಅರ್ಧ ಕಿಲೋವ್ಯಾಟ್ ಮಾತ್ರ ಬಳಕೆಯಾಗುತ್ತಿದೆ ಎಂದುಕೊಳ್ಳೋಣ. ಉಳಿದ 1.7 ಕಿಲೋವ್ಯಾಟ್ ಬೀದಿಯ ಕಂಬಕ್ಕೆ ಹರಿದು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತದೆ. ಸಂಜೆ 7ಕ್ಕೆ ಉತ್ಪಾದನೆ ಸೊನ್ನೆಯಾಗಿರುವಾಗ ಮನೆಗೆ ಬೇಕಾದ ವಿದ್ಯುತ್ತು ಎಂದಿನಂತೆ ಕಂಬದಿಂದಲೇ ಬರುತ್ತದೆ. ಎರಡೂ ದಿಕ್ಕಿನ ಹರಿವನ್ನು ಬೇರೆ ಬೇರೆಯಾಗಿ ದಾಖಲಿಸುವ ದ್ವಿಮುಖ ಮೀಟರ್‌ನಲ್ಲಿ ಒಳಬಂದದ್ದು ಇಂಪೋರ್ಟ್ ಎಂದೂ ಹೊರಹೋದದ್ದು ಎಕ್ಸ್‌ಪೋರ್ಟ್ ಎಂದೂ ದಾಖಲಾಗುತ್ತದೆ. ತಿಂಗಳ ಕೊನೆಗೆ ಇವೆರಡರ ವ್ಯತ್ಯಾಸಕ್ಕೆ ಮಾತ್ರ ಇಂಧನ ಶುಲ್ಕ (ಯೂನಿಟ್ ಲೆಕ್ಕದ ಬೆಲೆ) ಬೀಳುತ್ತದೆ. ಹೊರಹೋದದ್ದೇ ಹೆಚ್ಚಾದರೆ, ಆ ಹೆಚ್ಚುವರಿ ಯೂನಿಟ್‌ಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸಿದ, ನಿಮ್ಮ ಒಪ್ಪಂದದಲ್ಲಿ ನಮೂದಾಗಿರುವ ದರದಲ್ಲಿ ಬೆಸ್ಕಾಂ ಹಣ ಕೊಡುತ್ತದೆ.

ಈ ದರವು ನಾವು ಕೊಳ್ಳುವ ಯೂನಿಟ್‌ನ ದರಕ್ಕಿಂತ ಕಡಿಮೆ ಎಂಬುದನ್ನು ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಾರಸಿ ದೊಡ್ಡದಿದೆಯೆಂದು ಬಳಕೆಗೆ ಮೀರಿದ ಘಟಕ ಹಾಕಿಸಿ, ಹೆಚ್ಚುವರಿ ವಿದ್ಯುತ್ ಮಾರಿ ಆದಾಯ ಮಾಡುತ್ತೇನೆಂದು ಹೊರಟರೆ ಲೆಕ್ಕ ಕೂಡಿಬರುವುದಿಲ್ಲ. ಮನೆಯ ಬಳಕೆಯನ್ನು ಸರಿದೂಗಿಸುವಷ್ಟು ಸಾಮರ್ಥ್ಯವೇ ಲಾಭದ ಸಾಮರ್ಥ್ಯ.

ಮೊದಲ ಹೆಜ್ಜೆ: 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ

ಒಂದು ತಿಂಗಳ ಬಿಲ್ ನೋಡಿ ಸಾಮರ್ಥ್ಯ ತೀರ್ಮಾನಿಸಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಅಥವಾ ಎಸಿ ಓಡುವ ಮನೆಯ ಬಳಕೆಗೂ ಆಗಸ್ಟ್ ತಿಂಗಳ ಬಳಕೆಗೂ ಅಜಗಜಾಂತರ ಇರುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ಮುದ್ರಿತವಾಗಿರುವ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ), 10 ಅಂಕಿಯ ಅಕೌಂಟ್ ಐಡಿ, ಮಂಜೂರಾದ ಲೋಡ್ ಮತ್ತು ಬಳಸಿದ ಯೂನಿಟ್ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, 12 ತಿಂಗಳ ಯೂನಿಟ್‌ಗಳನ್ನು ಕೂಡಿ ಸರಾಸರಿ ತೆಗೆಯಿರಿ. ಸರಾಸರಿ ಬಳಕೆಯನ್ನು 120ರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಅಂದಾಜು ಸಿಗುತ್ತದೆ. ಏಕೆಂದರೆ 1 ಕಿಲೋವ್ಯಾಟ್ ಘಟಕ ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ತಿಂಗಳಿಗೆ 330 ಯೂನಿಟ್ ಬಳಸುವ ಮನೆಗೆ 3 ಕಿಲೋವ್ಯಾಟ್ ಸಾಕು.

ಇಲ್ಲಿ ಗೃಹಜ್ಯೋತಿಯ ಮಾತು ಬರಲೇಬೇಕು. ಆ ಯೋಜನೆಯಲ್ಲಿ ನಿಮಗೆ ಈಗಾಗಲೇ ಸೊನ್ನೆ ಬಿಲ್ ಬರುತ್ತಿದ್ದರೆ, ಸೋಲಾರ್ ಹಾಕಿಸಿ ಉಳಿಸುವುದಕ್ಕೆ ಬಿಲ್ಲಿನಲ್ಲಿ ಏನೂ ಉಳಿದಿಲ್ಲ. ಅಂಥ ಮನೆಯವರು ಲಕ್ಷಕ್ಕೂ ಮೀರಿದ ಹಣವನ್ನು ತಾರಸಿಯ ಮೇಲೆ ಹಾಕಲು ಅವಸರ ಪಡಬೇಕಾಗಿಲ್ಲ. ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿರುವ ಕೂಡು ಕುಟುಂಬಗಳು, ಮೇಲಂತಸ್ತಿನಲ್ಲೂ ತಾವೇ ವಾಸವಾಗಿರುವವರು, ಮನೆಯಲ್ಲೇ ಹೊಲಿಗೆ ಅಥವಾ ಹಿಟ್ಟಿನ ಗಿರಣಿಯಂಥ ಸಣ್ಣ ಕೆಲಸ ಇಟ್ಟುಕೊಂಡು ಹಗಲು ಬಳಕೆ ಹೆಚ್ಚಿರುವವರು, ಇವರಿಗೆ ಸೋಲಾರ್ ನಿಜವಾಗಿ ನೆರವಾಗುತ್ತದೆ. ಆದರೆ ವ್ಯಾಪಾರದ ಮೀಟರ್‌ಗೆ ಗೃಹಬಳಕೆಯ ಸಬ್ಸಿಡಿ ಸಿಗದು. ತೋಟದ ಪಂಪ್‌ಸೆಟ್‌ಗೆ ಇರುವ ಕುಸುಮ್ ಯೋಜನೆಯ ನಿಯಮಗಳು ಪೂರ್ತಿ ಬೇರೆಯಾಗಿರುವುದರಿಂದ ಎರಡನ್ನೂ ಬೆರೆಸಿಕೊಳ್ಳಬಾರದು.

ಮಂಜೂರಾದ ಲೋಡ್‌ನ ಸಂಗತಿಯನ್ನು ಹಲವರು ಬಿಲ್ ಬಂದ ಮೇಲಷ್ಟೇ ಗಮನಿಸುತ್ತಾರೆ. ಹಳೆಯ ಮನೆಗಳಲ್ಲಿ ಅದು 1 ಕಿಲೋವ್ಯಾಟ್ ಮಾತ್ರ ಇರುವುದುಂಟು. ಅದಕ್ಕಿಂತ ದೊಡ್ಡ ಘಟಕ ಹಾಕಿಸುವಾಗ ಲೋಡನ್ನೂ ಏರಿಸಲಾಗುತ್ತದೆ, ಲೋಡ್ ಏರಿದಂತೆ ನಿಗದಿತ ಶುಲ್ಕವೂ ಏರುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಗೃಹಬಳಕೆಗೆ ಪ್ರತಿ ಯೂನಿಟ್‌ಗೆ 5.80 ರೂಪಾಯಿ, ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಲೋಡ್ 1ರಿಂದ 3 ಕಿಲೋವ್ಯಾಟ್‌ಗೆ ಏರಿದರೆ ತಿಂಗಳಿಗೆ 290 ರೂಪಾಯಿ ಹೆಚ್ಚುತ್ತದೆ, ಅಂದರೆ 50 ಯೂನಿಟ್‌ನ ಬೆಲೆ. ಉಳಿತಾಯದ ಲೆಕ್ಕದಲ್ಲಿ ಇದನ್ನು ಕಳೆಯದೆ ಕೊಟೇಶನ್ ಕೊಡುವ ಏಜೆನ್ಸಿಯ ಮಾತನ್ನು ಪೂರ್ತಿ ನಂಬಬೇಡಿ.

ಎರಡನೆಯ ಹೆಜ್ಜೆ: ಮೀಟರ್ ಯಾರ ಹೆಸರಿನಲ್ಲಿದೆ?

ನಮ್ಮ ಕಡೆ ಅರ್ಜಿಗಳು ಅತಿ ಹೆಚ್ಚು ನಿಲ್ಲುವುದು ಈ ಹಂತದಲ್ಲಿ. ಮನೆ ಮೂರನೆಯ ತಲೆಮಾರಿಗೆ ಬಂದಿದ್ದರೂ ಆರ್‌ಆರ್ ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಬಿಲ್ ಕಟ್ಟುತ್ತ ಹೋದರೆ ಯಾರೂ ಕೇಳದ ಕಾರಣ ಅದು ಹಾಗೆಯೇ ಉಳಿದುಬಿಟ್ಟಿರುತ್ತದೆ. ಸಬ್ಸಿಡಿಗೆ ಮಾತ್ರ ವಿದ್ಯುತ್ ಸಂಪರ್ಕದ ಹೆಸರು, ಅರ್ಜಿದಾರರ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದಕ್ಕೊಂದು ಹೊಂದಬೇಕು. ಬಿಲ್ಲಿನಲ್ಲಿ ಇನಿಷಿಯಲ್ ಹಿಂದೆ ಇದ್ದು ಆಧಾರ್‌ನಲ್ಲಿ ಮುಂದೆ ಇದ್ದರೂ, ತಂದೆಯ ಹೆಸರು ಸೇರಿಕೊಂಡಿದ್ದರೂ ಹಣ ಬರುವ ಹೊತ್ತಿಗೆ ತೊಡಕಾಗಬಹುದು.

ಹೆಸರು ಬದಲಾವಣೆಗೆ ನಿಮ್ಮ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಹೆಸರಿಗಾದ ಮನೆಯ ಖಾತೆಯ (ಆಸ್ತಿ ದಾಖಲೆಯ) ನಕಲು, ಅಣ್ಣತಮ್ಮಂದಿರು ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆ ಪತ್ರ, ಬಾಕಿಯಿಲ್ಲದ ಇತ್ತೀಚಿನ ಬಿಲ್ ಇಷ್ಟನ್ನು ಮೊದಲೇ ಹೊಂದಿಸಿಟ್ಟುಕೊಂಡರೆ ಓಡಾಟ ಕಡಿಮೆಯಾಗುತ್ತದೆ. ಖಾತೆಯೇ ಹಿರಿಯರ ಹೆಸರಿನಲ್ಲಿ ಉಳಿದಿದ್ದರೆ ಮೊದಲು ಮಹಾನಗರ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಅದನ್ನು ಸರಿಪಡಿಸಿಕೊಳ್ಳಬೇಕು. ಈ ಕೆಲಸ ಮುಗಿಯುವ ತನಕ ಯಾರಿಗೂ ಮುಂಗಡ ಕೊಡಬೇಡಿ. ಪ್ಯಾನೆಲ್ ಮೇಲೇರಿದ ಮೇಲೆ ಕಾಗದ ಸರಿಮಾಡಿಸೋಣ ಎಂಬ ಭರವಸೆಯ ಮೇಲೆ ಕೆಲಸ ಶುರುಮಾಡಿದ ಮನೆಗಳಲ್ಲಿ ಪ್ಯಾನೆಲ್‌ಗಳು ತಿಂಗಳುಗಟ್ಟಲೆ ಸುಮ್ಮನೆ ಬಿಸಿಲು ಕಾಯುತ್ತಿರುವುದನ್ನು ಕಂಡು ಸಂಕಟವಾಗುತ್ತದೆ.

ಮೂರನೆಯ ಹೆಜ್ಜೆ: ತಾರಸಿ ಮತ್ತು ನೆರಳು

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಆರ್‌ಸಿಸಿ ತಾರಸಿಗೆ ಈ ಭಾರ ದೊಡ್ಡದಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆ ಮನೆಗಳ ಮೇಲೆ ಚೌಕಟ್ಟನ್ನು ನೇರವಾಗಿ ನಿಲ್ಲಿಸಲೇಬಾರದು. ಮಣ್ಣಿನ ಹೊದಿಕೆಗೆ ತೂತು ಬಿದ್ದರೆ ಮಳೆಗಾಲದಲ್ಲಿ ತೊಲೆಗಳು ನೆನೆಯುತ್ತವೆ. ಅಂಥ ಕಡೆ ಹಿತ್ತಲಿನಲ್ಲಿ ಅಥವಾ ದನದ ಕೊಟ್ಟಿಗೆಯ ಪಕ್ಕದಲ್ಲಿ ನೆಲದಿಂದಲೇ ಕಂಬ ಎತ್ತಿ ಚೌಕಟ್ಟು ಮಾಡಿಸುವುದು ಸುರಕ್ಷಿತ.

ನೆರಳಿನ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೂ ಹೆಚ್ಚಲ್ಲ. ಪ್ಯಾನೆಲ್‌ಗಳನ್ನು ಸರಪಳಿಯ ಕೊಂಡಿಗಳಂತೆ ಒಂದರ ಬೆನ್ನಿಗೆ ಒಂದು ಜೋಡಿಸಿರುತ್ತಾರೆ. ಒಂದು ಪ್ಯಾನೆಲ್‌ನ ಕೆಲವೇ ಕೋಶಗಳ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಆ ಭಾಗದಲ್ಲಿ ಹರಿವು ಕುಗ್ಗುತ್ತದೆ. ಪ್ಯಾನೆಲ್‌ನೊಳಗಿನ ಬೈಪಾಸ್ ಡಯೋಡ್‌ಗಳು ಆ ಭಾಗವನ್ನು ಬದಿಗಿರಿಸಿ ಉಳಿದದ್ದನ್ನು ನಡೆಸುತ್ತವೆಯಾದರೂ ಸಾಮಾನ್ಯವಾಗಿ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೈಬಿಟ್ಟಂತಾಗುತ್ತದೆ. ಅಂದರೆ ಅಂಗೈಯಷ್ಟು ನೆರಳಿನ ನಷ್ಟ ಅಂಗೈಯಷ್ಟೇ ಆಗಿರುವುದಿಲ್ಲ.

ನೆರಳನ್ನು ಯಾವಾಗ ಅಳೆಯಬೇಕು? ಸೂರ್ಯ ಅತ್ಯಂತ ತಗ್ಗಿನಲ್ಲಿ ಸಾಗುವ ಡಿಸೆಂಬರ್ ಮೂರನೇ ವಾರದ ನೆರಳೇ ಅತಿ ಉದ್ದದ್ದು. ದಾವಣಗೆರೆಯ ಅಕ್ಷಾಂಶ ಸುಮಾರು 14.5 ಡಿಗ್ರಿ ಉತ್ತರ. ಆ ದಿನಗಳಲ್ಲಿ ನಡು ಮಧ್ಯಾಹ್ನವೂ ಸೂರ್ಯ ದಿಗಂತದಿಂದ 52 ಡಿಗ್ರಿಯಷ್ಟೇ ಮೇಲಿರುತ್ತಾನೆ. ದಕ್ಷಿಣ ಬದಿಯ 3 ಅಡಿ ಎತ್ತರದ ಪ್ಯಾರಾಪೆಟ್ ಗೋಡೆಯ ನೆರಳು ಆಗ ಸುಮಾರು 2 ಅಡಿ 4 ಅಂಗುಲ ಒಳಕ್ಕೆ ಚಾಚುತ್ತದೆ. ಬೆಳಿಗ್ಗೆ 9ರ ಸುಮಾರಿಗೆ ನೆರಳಿನ ಉದ್ದ ಎತ್ತರದ ಎರಡು ಪಟ್ಟಿಗೆ ಹತ್ತಿರವಾಗಿರುತ್ತದೆ. ತಾರಸಿಯ ಆಗ್ನೇಯ ಮೂಲೆಯಲ್ಲಿ ಕಟ್ಟೆಯ ಮೇಲೆ ಕೂತ 6 ಅಡಿಯ ನೀರಿನ ಟ್ಯಾಂಕ್ ಬೆಳಗಿನ ಹೊತ್ತಿನಲ್ಲಿ ವಾಯವ್ಯದ ಕಡೆಗೆ ಸುಮಾರು 12 ಅಡಿ ನೆರಳು ಚೆಲ್ಲುತ್ತದೆ. ಡಿಸೆಂಬರ್ ತನಕ ಕಾಯಲಾಗದಿದ್ದರೆ ಈ ಅನುಪಾತಗಳನ್ನು ಹಿಡಿದು ಸೀಮೆಸುಣ್ಣದಿಂದ ತಾರಸಿಯ ಮೇಲೆ ಗೆರೆ ಎಳೆದು ನೋಡಬಹುದು.

ಇನ್ನೊಂದು ಸಂಗತಿಯನ್ನು ಏಜೆನ್ಸಿಯವರೂ ಕೆಲವೊಮ್ಮೆ ಗಮನಿಸುವುದಿಲ್ಲ. ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಮುಖಮಾಡಿ 14 ಡಿಗ್ರಿಯ ಆಸುಪಾಸು ಓರೆಯಾಗಿ ಕೂರಿಸುವುದು ಸರಿಯಾದ ಕ್ರಮವೇ ಹೌದು. ಆದರೆ ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಉತ್ತರದಲ್ಲಿ ಪಕ್ಕದ ಮನೆಯ ಎತ್ತರದ ಗೋಡೆಯೋ ಮಾವಿನ ಮರವೋ ಪ್ಯಾನೆಲ್‌ಗೆ ತೀರ ಹತ್ತಿರವಿದ್ದರೆ ಮೇ ತಿಂಗಳ ಒಳ್ಳೆಯ ಬಿಸಿಲಿನಲ್ಲೇ ಬೆಳಗು ಸಂಜೆ ನೆರಳು ಬೀಳುತ್ತದೆ. ಓರೆಯನ್ನು 20, 25 ಡಿಗ್ರಿಗೆ ಏರಿಸಿದರೆ ನಮಗೆ ಲಾಭವಿಲ್ಲ; ಬೇಸಿಗೆಯ ಉತ್ಪಾದನೆ ಕುಗ್ಗುತ್ತದೆ, ಗಾಳಿಯ ಹೊಡೆತವೂ ಹೆಚ್ಚುತ್ತದೆ. ಗಾಳಿ ವಿದ್ಯುತ್ತಿನ ಕಂಬಗಳು ಸಾಲಾಗಿ ನಿಂತಿರುವ ಚಿತ್ರದುರ್ಗದ ಜೋಗಿಮಟ್ಟಿಯ ಸೀಮೆಯವರಿಗೆ ಆ ಗಾಳಿಯ ಬಲವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಅರ್ಜಿ, ಸಬ್ಸಿಡಿ, ಸಾಲ

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ರಾಜ್ಯ ಕರ್ನಾಟಕ, ವಿದ್ಯುತ್ ಕಂಪನಿ ಬೆಸ್ಕಾಂ ಎಂದು ಆರಿಸಿ, ಬಿಲ್ಲಿನಲ್ಲಿರುವ ಅಕೌಂಟ್ ಐಡಿ ನಮೂದಿಸಿ, ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ನೋಂದಣಿಯಾಗುತ್ತದೆ. ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಲಿ. ಏಜೆನ್ಸಿಯವರ ಸಂಖ್ಯೆ ಕೊಟ್ಟರೆ ಮುಂದಿನ ಸಂದೇಶಗಳೆಲ್ಲ ಅವರಿಗೇ ಹೋಗುತ್ತವೆ, ಅರ್ಜಿ ಎಲ್ಲಿ ನಿಂತಿದೆಯೆಂದು ತಿಳಿಯಲು ನೀವೇ ಅವರ ಬಾಗಿಲಿಗೆ ಹೋಗಬೇಕಾಗುತ್ತದೆ.

ಸಬ್ಸಿಡಿಯ ಮೊತ್ತ ಸರಳವಾಗಿದೆ. ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ. ಹೀಗೆ 3 ಕಿಲೋವ್ಯಾಟ್‌ಗೆ ಒಟ್ಟು 78,000 ರೂಪಾಯಿ; ಅದಕ್ಕಿಂತ ದೊಡ್ಡ ಘಟಕ ಹಾಕಿಸಿದರೂ ಮೊತ್ತ ಇಷ್ಟೇ. ಘಟಕ ಚಾಲನೆಗೊಂಡ ಮೇಲೆ ಈ ಹಣ ನೇರವಾಗಿ ಗ್ರಾಹಕರ ಬ್ಯಾಂಕ್ ಖಾತೆಗೆ ಬರುತ್ತದೆ. ಆದ್ದರಿಂದ ಮೊದಲು ಪೂರ್ತಿ ಹಣವನ್ನು ನೀವೇ ಹೊಂದಿಸಬೇಕು. 3 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ರಾಷ್ಟ್ರೀಕೃತ ಬ್ಯಾಂಕುಗಳು 2 ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದೆ, ಮಾಮೂಲಿ ವೈಯಕ್ತಿಕ ಸಾಲಕ್ಕಿಂತ ಬಹಳ ಕಡಿಮೆ ಬಡ್ಡಿಗೆ ಸಾಲ ಕೊಡುತ್ತವೆ. ಸಬ್ಸಿಡಿ ಬೇಕಾದರೆ ಪ್ಯಾನೆಲ್‌ನ ಕೋಶಗಳೂ ಪ್ಯಾನೆಲ್ಲೂ ಎರಡೂ ದೇಶದಲ್ಲೇ ತಯಾರಾಗಿರಬೇಕು. ಇವನ್ನು ಮಾರುಕಟ್ಟೆಯಲ್ಲಿ ಡಿಸಿಆರ್ ಪ್ಯಾನೆಲ್ ಎನ್ನುತ್ತಾರೆ; ಹೊರಗಿನ ಕೋಶಗಳಿರುವ ಪ್ಯಾನೆಲ್ ಅಗ್ಗವಾಗಿ ಸಿಕ್ಕರೂ ಸಬ್ಸಿಡಿ ಕೈತಪ್ಪುತ್ತದೆ.

10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಕಾರ್ಯಸಾಧ್ಯತಾ ಪರಿಶೀಲನೆ ಬೇಕಿಲ್ಲ ಎಂದು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ಬೀದಿಯ ವಿತರಣಾ ವ್ಯವಸ್ಥೆಯನ್ನು ಬಲಪಡಿಸಬೇಕಾಗಿ ಬಂದರೆ ಅದರ ಖರ್ಚೂ ವಿತರಣಾ ಕಂಪನಿಯದೇ. ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯ ಸಾಲದು, ಅದಕ್ಕೆ ನೀವೇ ಹಣ ಕಟ್ಟಬೇಕು ಎಂದು ಯಾರಾದರೂ ಹೇಳಿದರೆ ಈ ನಿಯಮವನ್ನು ತೋರಿಸಿ ಲಿಖಿತ ಉತ್ತರ ಕೇಳಿ. ಸಿಂಗಲ್ ಫೇಸ್ ಸಂಪರ್ಕದಲ್ಲಿ 5 ಕಿಲೋವ್ಯಾಟ್‌ವರೆಗೆ ಜೋಡಿಸಬಹುದು. ಅದನ್ನು ಮೀರಿದರೆ ತ್ರೀ ಫೇಸ್ ಬೇಕು.

ಐದನೆಯ ಹೆಜ್ಜೆ: ಏಜೆನ್ಸಿಯನ್ನು ಆರಿಸುವುದು

ಪೋರ್ಟಲ್‌ನಲ್ಲಿ ನೋಂದಾಯಿತವಾದ ಏಜೆನ್ಸಿಯಿಂದಲೇ ಕೆಲಸ ಮಾಡಿಸಬೇಕು. ಮೂವರಿಂದಾದರೂ ಕೊಟೇಶನ್ ತರಿಸಿ, ಒಟ್ಟು ಬೆಲೆಯನ್ನಷ್ಟೇ ಹೋಲಿಸದೆ ಪ್ಯಾನೆಲ್‌ನ ಕಂಪನಿ ಮತ್ತು ವ್ಯಾಟ್, ಇನ್ವರ್ಟರ್‌ನ ಮಾದರಿ ಮತ್ತು ವಾರಂಟಿ, ಚೌಕಟ್ಟಿನ ಕಬ್ಬಿಣದ ದಪ್ಪ, ಅರ್ಥಿಂಗ್ ಗುಂಡಿಗಳ ಸಂಖ್ಯೆ, ಕೇಬಲ್‌ನ ಅಳತೆ, ನೆಟ್ ಮೀಟರ್‌ನ ಬೆಲೆ ಸೇರಿದೆಯೋ ಇಲ್ಲವೋ ಎಂಬುದೆಲ್ಲ ಬಿಡಿಬಿಡಿಯಾಗಿ ಬರೆದಿರುವಂತೆ ನೋಡಿಕೊಳ್ಳಬೇಕು. ಸೋಲಾರ್ ಸಾಧನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಇದ್ದರೆ ಹೊಸದನ್ನು ಕೇಳಿ ಪಡೆಯಿರಿ. ಅಳವಡಿಸಿದವರೇ 5 ವರ್ಷ ನಿರ್ವಹಣೆ ಮಾಡಬೇಕೆಂಬುದು ಯೋಜನೆಯ ಷರತ್ತು. ಆದ್ದರಿಂದ ದೂರದ ಊರಿನ ಅಗ್ಗದ ಏಜೆನ್ಸಿಗಿಂತ, ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಅಂಗಡಿ ಇಟ್ಟುಕೊಂಡು ಕರೆದಾಗ ಬರುವವರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಣವನ್ನು ಕಂತುಗಳಲ್ಲಿ ಕೊಡಿ. ಕೊನೆಯ ಕಂತು ಸಾಮಾನು ಇಳಿದಾಗಲಾಗಲಿ ಪ್ಯಾನೆಲ್ ಕೂತಾಗಲಾಗಲಿ ಕೈಬಿಡುವಂಥದ್ದಲ್ಲ. ನೆಟ್ ಮೀಟರ್ ಕೂತು ಘಟಕ ಚಾಲನೆಗೊಂಡ ದಿನ ಅದನ್ನು ಕೊಡುವುದೆಂದು ಒಪ್ಪಂದದಲ್ಲೇ ಬರೆಸಿ.

ಆರನೆಯ ಹೆಜ್ಜೆ: ಅಳವಡಿಕೆಯ ದಿನ ನೋಡಬೇಕಾದದ್ದು

ಈ ಕೆಲಸ ನಡೆಯುವಾಗ ಮನೆಯವರೊಬ್ಬರು ತಾರಸಿಯ ಮೇಲೆ ಇರಲೇಬೇಕು. ಚೌಕಟ್ಟು ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಜಿಐ ಆಗಿರಬೇಕು, ಗಂಟೆಗೆ 150 ಕಿಲೋಮೀಟರ್ ವೇಗದ ಗಾಳಿಯನ್ನು ತಡೆಯುವಂತಿರಬೇಕು. ಸ್ಥಳದಲ್ಲೇ ವೆಲ್ಡ್ ಮಾಡಿ ಬಣ್ಣ ಬಳಿದ ಕಬ್ಬಿಣ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ತಾರಸಿಗೆ ಡ್ರಿಲ್ ಮಾಡುವಲ್ಲಿ ನೀರು ಇಳಿಯದಂತೆ ಮುಚ್ಚಿ, ಮೇಲೆ ಕಾಂಕ್ರೀಟ್ ಪೀಠ ಕಟ್ಟಿಸಿ. ಪ್ಯಾನೆಲ್‌ನ ಅಡಿಯಲ್ಲಿ ಗಾಳಿ ಆಡುವಷ್ಟು ಎತ್ತರವೂ ಬೇಕು. ಏಕೆಂದರೆ ಪ್ಯಾನೆಲ್‌ನ ಸಾಮರ್ಥ್ಯವನ್ನು ಅಳೆಯುವುದು ಕೋಶ 25 ಡಿಗ್ರಿ ಸೆಲ್ಸಿಯಸ್ ಇರುವಾಗ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಉತ್ಪಾದನೆ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಕೋಶಗಳು 60 ಡಿಗ್ರಿ ಮುಟ್ಟಿದರೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಆ ಬಿಸಿಯಲ್ಲೇ ಹೋಗುತ್ತದೆ.

3 ಕಿಲೋವ್ಯಾಟ್ ಘಟಕಕ್ಕೆ 540 ವ್ಯಾಟ್‌ನ 6 ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಕೇಬಲ್‌ನಲ್ಲಿ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ. ಬಿಸಿಲಿರುವ ತನಕ ಪ್ಯಾನೆಲ್‌ಗಳನ್ನು ಆಫ್ ಮಾಡಲು ಸಾಧ್ಯವಿಲ್ಲ. ಆ ಕೇಬಲ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ಗಳು ಸಣ್ಣವಾದರೂ ಬೆಂಕಿ ಹೊತ್ತುವುದು ಹೆಚ್ಚಾಗಿ ಅಲ್ಲೇ. ಜೋಡಿಯ ಎರಡೂ ತುದಿಗಳು ಒಂದೇ ಕಂಪನಿಯವಾಗಿರಬೇಕು, ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿರಬೇಕು, ಒಳಸೇರುವಾಗ ಟಕ್ ಎಂಬ ಸದ್ದು ಕೇಳಬೇಕು, ತಾರಸಿಯ ಮೇಲೆ ನೀರು ನಿಲ್ಲುವ ಕಡೆ ಬಿದ್ದಿರಬಾರದು. ಮಾಮೂಲಿ ಇಕ್ಕಳದಿಂದ ಹಿಸುಕಿ ಟೇಪ್ ಸುತ್ತುವವರನ್ನು ಅಲ್ಲೇ ತಡೆಯಿರಿ. ಚಿತ್ರದುರ್ಗದ ಕೋಟೆಯ ಸುತ್ತಲಿನ ಬಡಾವಣೆಗಳಲ್ಲಿ ಕೋತಿಗಳ ಹಾವಳಿ ಇರುವುದರಿಂದ ಕೇಬಲ್‌ಗಳನ್ನು ತೂಗಾಡಲು ಬಿಡದೆ ಪೂರ್ತಿಯಾಗಿ ಪೈಪಿನೊಳಗೆ ಹಾಯಿಸಬೇಕು.

ಅರ್ಥಿಂಗ್‌ಗೆ ಮೂರು ಗುಂಡಿಗಳು ಬೇಕು: ಡಿಸಿ ಬದಿಗೆ ಒಂದು, ಎಸಿ ಬದಿಗೆ ಒಂದು, ಸಿಡಿಲು ನಿರೋಧಕಕ್ಕೆ ಪ್ರತ್ಯೇಕ ಒಂದು. ದಾವಣಗೆರೆಯ ಕಪ್ಪು ಎರೆಮಣ್ಣು ತೇವವಿರುವಾಗ ಅರ್ಥಿಂಗ್‌ಗೆ ಬಹಳ ಒಳ್ಳೆಯದು, ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಸರಳಿನಿಂದ ದೂರ ಸರಿಯುತ್ತದೆ. ಚಿತ್ರದುರ್ಗದ ಬೆಟ್ಟದ ಬದಿಯಲ್ಲಿ ನಾಲ್ಕು ಅಡಿ ತೋಡುವಷ್ಟರಲ್ಲಿ ಬಂಡೆ ಸಿಗಬಹುದು. ಎರಡೂ ಕಡೆ ರಾಸಾಯನಿಕ ಪುಡಿ ತುಂಬಿದ ಗುಂಡಿ ಮಾಡಿಸಿ, ಅರ್ಥ್ ಟೆಸ್ಟರ್‌ನಿಂದ ಅಳೆದು 5 ಓಮ್‌ಗಿಂತ ಕಡಿಮೆ ಬಂದಿರುವುದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಿ.

ಏಳನೆಯ ಹೆಜ್ಜೆ: ಪರಿಶೀಲನೆ ಮತ್ತು ಮೀಟರ್

ಕೆಲಸ ಮುಗಿದ ಮೇಲೆ ಪ್ಯಾನೆಲ್ ಮತ್ತು ಇನ್ವರ್ಟರ್‌ಗಳ ಕ್ರಮಸಂಖ್ಯೆ, ಫೋಟೊಗಳನ್ನು ಪೋರ್ಟಲ್‌ಗೆ ಏರಿಸಿ ನೆಟ್ ಮೀಟರ್‌ಗೆ ಕೋರಿಕೆ ಸಲ್ಲಿಸಬೇಕು. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಯಿಂದ ಬಂದು ಸ್ಥಳ ಪರಿಶೀಲಿಸುತ್ತಾರೆ, ಒಪ್ಪಂದಕ್ಕೆ ಸಹಿಯಾಗುತ್ತದೆ, ಪರೀಕ್ಷೆಯಾಗಿ ಸೀಲ್ ಬಿದ್ದ ದ್ವಿಮುಖ ಮೀಟರ್ ಕೂರುತ್ತದೆ. ಉತ್ಪಾದನೆಯನ್ನು ಅಳೆಯಲು ಪ್ರತ್ಯೇಕ ಸೋಲಾರ್ ಮೀಟರ್ ಇರುತ್ತದೆ. ಮೇಲೆ ಹೇಳಿದ ತಿದ್ದುಪಡಿಯಂತೆ ಈ ಹಂತ 15 ದಿನಗಳಲ್ಲಿ ಮುಗಿಯಬೇಕು.

ಈ ನಡುವೆ ಒಂದು ಕೆಲಸವನ್ನು ಎಂದಿಗೂ ಮಾಡಬೇಡಿ. ಹೇಗೂ ಪ್ಯಾನೆಲ್ ಕೂತಿದೆ, ಮೀಟರ್ ಬರುವ ತನಕ ಸುಮ್ಮನೆ ಯಾಕೆ ಬಿಡಬೇಕು ಎಂದು ಇನ್ವರ್ಟರ್ ಚಾಲೂ ಮಾಡುವವರಿದ್ದಾರೆ. ಮನೆಗಳಲ್ಲಿರುವ ಹಲವು ಎಲೆಕ್ಟ್ರಾನಿಕ್ ಮೀಟರ್‌ಗಳು ಹರಿವಿನ ದಿಕ್ಕನ್ನು ನೋಡದೆ, ಹೊರಹೋದ ವಿದ್ಯುತ್ತನ್ನೂ ಬಳಕೆಯೆಂದೇ ಎಣಿಸುತ್ತವೆ. ನೀವು ಬೀದಿಗೆ ಕೊಟ್ಟ ಯೂನಿಟ್‌ಗೆ ನೀವೇ ಬಿಲ್ ಕಟ್ಟಬೇಕಾಗುತ್ತದೆ, ಅನುಮತಿಯಿಲ್ಲದೆ ಜಾಲಕ್ಕೆ ವಿದ್ಯುತ್ ಹರಿಸಿದ ತಪ್ಪೂ ತಲೆಗೆ ಬರುತ್ತದೆ. ಮೀಟರ್ ಕೂತ ದಿನ ಅದರ ಇಂಪೋರ್ಟ್, ಎಕ್ಸ್‌ಪೋರ್ಟ್ ಅಂಕಿಗಳನ್ನೂ ಸೋಲಾರ್ ಮೀಟರ್‌ನ ಅಂಕಿಯನ್ನೂ ದಿನಾಂಕ ಸಹಿತ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಬಿಲ್ಲಿನಲ್ಲಿ ವ್ಯತ್ಯಾಸ ಬಂದರೆ ಅದೇ ನಿಮ್ಮ ಆಧಾರ. ಚಾಲನಾ ವರದಿ ಪೋರ್ಟಲ್‌ಗೆ ಸೇರಿದ ಮೇಲೆ ಬ್ಯಾಂಕ್ ವಿವರ ಮತ್ತು ರದ್ದುಪಡಿಸಿದ ಚೆಕ್‌ನ ಪ್ರತಿ ಸಲ್ಲಿಸಿದರೆ ಸಬ್ಸಿಡಿ ಬರುತ್ತದೆ.

ಹೊಸ ಬಿಲ್ಲನ್ನು ಓದುವ ಬಗೆ

ತಿಂಗಳಿಗೆ 330 ಯೂನಿಟ್ ಬಳಸುವ ಅದೇ ಮನೆಯನ್ನು ತೆಗೆದುಕೊಳ್ಳೋಣ. ಸೋಲಾರ್ ಮೀಟರ್ 360 ತೋರಿಸುತ್ತಿದೆ, ಎಕ್ಸ್‌ಪೋರ್ಟ್ 240, ಇಂಪೋರ್ಟ್ 210. ಉತ್ಪಾದನೆಯಾದ 360ರಲ್ಲಿ 240 ಹೊರಗೆ ಹೋಗಿದ್ದರಿಂದ ಹಗಲಿನಲ್ಲಿ ಮನೆಯೇ ಬಳಸಿದ್ದು 120. ಅದಕ್ಕೆ ಇಂಪೋರ್ಟ್‌ನ 210 ಸೇರಿದರೆ 330. ಲೆಕ್ಕ ಕೂಡಿತು. ಇಂಪೋರ್ಟ್‌ಗಿಂತ ಎಕ್ಸ್‌ಪೋರ್ಟ್ 30 ಹೆಚ್ಚಾಗಿರುವುದರಿಂದ ಇಂಧನ ಶುಲ್ಕ ಇಲ್ಲ, 30 ಯೂನಿಟ್‌ನ ಹಣ ನಿಮಗೆ ಬರಬೇಕು. ಆದರೆ 3 ಕಿಲೋವ್ಯಾಟ್ ಲೋಡ್‌ನ ನಿಗದಿತ ಶುಲ್ಕ 435 ರೂಪಾಯಿ ಉಳಿದೇ ಇರುತ್ತದೆ. ಸೋಲಾರ್ ಹಾಕಿಸಿದರೆ ಬಿಲ್ ಪೂರ್ತಿ ಸೊನ್ನೆ ಎಂದು ಹೇಳುವವರು ಈ ಸಾಲನ್ನು ಮರೆಮಾಚಿರುತ್ತಾರೆ. ಆಷಾಢ, ಶ್ರಾವಣದ ಮೋಡದ ದಿನಗಳಲ್ಲಿ ಉತ್ಪಾದನೆ ಇಳಿದು ಸ್ವಲ್ಪ ಇಂಧನ ಶುಲ್ಕವೂ ಬರುತ್ತದೆ. ಈ ಮನೆ ವರ್ಷಕ್ಕೆ ಬಳಸುವ 3,960 ಯೂನಿಟ್‌ಗೆ 5.80ರ ದರದಲ್ಲಿ 23,000 ರೂಪಾಯಿಯ ಆಸುಪಾಸು ಉಳಿತಾಯ; ಲೋಡ್ ಏರಿಸಿದ್ದರೆ ಹೆಚ್ಚಿದ ನಿಗದಿತ ಶುಲ್ಕವನ್ನು ಇದರಿಂದ ಕಳೆಯಬೇಕು. ಸಬ್ಸಿಡಿ ಕಳೆದು ನಿಮ್ಮ ಕೈಯಿಂದ ಹೋದ ಹಣವನ್ನು ಇದರಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಹಾಕಿದ ಬಂಡವಾಳ ಹಿಂದಿರುಗುತ್ತದೆ ಎಂಬುದು ತಿಳಿಯುತ್ತದೆ.

ಕರೆಂಟ್ ಹೋದಾಗ

ಬೀದಿಯಲ್ಲಿ ಕರೆಂಟ್ ಹೋದರೆ ಕಡು ಬಿಸಿಲಿದ್ದರೂ ಈ ಘಟಕ ನಿಲ್ಲುತ್ತದೆ. ಇದು ದೋಷವಲ್ಲ. ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ವಿದ್ಯುತ್ ತಗುಲಬಾರದೆಂದು, ಜಾಲ ನಿಂತ 2 ಸೆಕೆಂಡಿನೊಳಗೆ ಇನ್ವರ್ಟರ್ ತಾನೂ ನಿಲ್ಲುವಂತೆ ಮಾಡಿರುತ್ತಾರೆ. ಈ ವ್ಯವಸ್ಥೆಯನ್ನು ತಪ್ಪಿಸಲು ಯಾರು ಯಾವ ಉಪಾಯ ಹೇಳಿದರೂ ಕೇಳಬೇಡಿ. ಅದು ಒಬ್ಬ ಮನುಷ್ಯನ ಪ್ರಾಣದ ಪ್ರಶ್ನೆ. ಕರೆಂಟ್ ಇಲ್ಲದಾಗಲೂ ಸೋಲಾರ್ ಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಗಣನೀಯವಾಗಿ ಏರುತ್ತದೆ. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದು ಹಾಗೆಯೇ ಕೆಲಸ ಮಾಡಲಿ. ಆದರೆ ಅದರ ಔಟ್‌ಪುಟ್ ವೈರು ಸೋಲಾರ್ ಇನ್ವರ್ಟರ್‌ನ ವೈರಿಗೆ ಎಲ್ಲೂ ಸೇರದಂತೆ ಎಲೆಕ್ಟ್ರಿಷಿಯನ್ನರಿಂದ ಖಚಿತಪಡಿಸಿಕೊಳ್ಳಿ.

ನಂತರದ ಆರೈಕೆ ಮತ್ತು ದೂರು

ದಾವಣಗೆರೆ, ಹರಿಹರದ ಅಕ್ಕಿ ಗಿರಣಿಗಳ ಹತ್ತಿರ ಹೊಟ್ಟಿನ ಧೂಳು, ಚಳ್ಳಕೆರೆ, ಹಿರಿಯೂರಿನ ಕಡೆ ಒಣ ಮಣ್ಣಿನ ಧೂಳು ಪ್ಯಾನೆಲ್ ಮೇಲೆ ತೆಳ್ಳಗೆ ಕೂರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ 15 ದಿನಕ್ಕೊಮ್ಮೆಯಾದರೂ ತೊಳೆಯಬೇಕು. ಸೂರ್ಯ ಮೇಲೇರುವ ಮುಂಚೆ, ಗಾಜು ತಣ್ಣಗಿರುವಾಗ, ಉದ್ದನೆಯ ಹಿಡಿಯ ಮೃದುವಾದ ಮಾಪ್‌ನಿಂದ ಒರೆಸಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬರುವ ಭಯವಿದೆ. ಬೋರ್‌ವೆಲ್‌ನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆಯಾಗಿ ಗಟ್ಟಿ ಕೂತುಬಿಡುತ್ತದೆ, ಆಮೇಲೆ ಅದನ್ನು ಕೆರೆದು ತೆಗೆಯಲು ಹೋದರೆ ಗಾಜಿನ ಲೇಪನವೇ ಹಾಳಾಗುತ್ತದೆ. ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಬಳಸಿ, ಬೋರ್ ನೀರೇ ಗತಿಯಾದರೆ ಕೂಡಲೇ ಒಣ ಬಟ್ಟೆಯಿಂದ ಒರೆಸಿಬಿಡಿ. ಇನ್ವರ್ಟರ್ ಆ್ಯಪ್‌ನಲ್ಲಿ ದಿನದ ಉತ್ಪಾದನೆಯನ್ನು ವಾರಕ್ಕೊಮ್ಮೆ ನೋಡಿ. ಬಿಸಿಲಿನ ದಿನವೂ ಎಂದಿನದಕ್ಕಿಂತ ಕಾಲುಭಾಗ ಕಡಿಮೆಯಾದರೆ ಏಜೆನ್ಸಿಯನ್ನು ಕರೆಸಿ. ಬೇಸಿಗೆ ಮುಗಿಯುವ ಮುಂಚೆ, ಗುಡುಗು ಮಳೆ ಶುರುವಾಗುವ ಮೊದಲು, ಅರ್ಥಿಂಗ್ ಗುಂಡಿಗಳಿಗೆ ನೀರು ಹಾಕಿ ಮತ್ತೊಮ್ಮೆ ಅಳೆಸಿ.

ಮೀಟರ್ ತಡವಾದರೆ ಅಥವಾ ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ ಸೇರದಿದ್ದರೆ ಮೊದಲು ಉಪವಿಭಾಗ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, 1912ಕ್ಕೂ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ, ಅದರ ತೀರ್ಮಾನವೂ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿದ್ಯುತ್ ಲೋಕಪಾಲರಿಗೆ ಅರ್ಜಿ ಸಲ್ಲಿಸಬಹುದು. ಒಪ್ಪಂದದ ಪ್ರತಿ, ಚಾಲನಾ ವರದಿ, ಮೀಟರ್ ಕೂತ ದಿನದ ಫೋಟೊ ಮತ್ತು ಸ್ವೀಕೃತಿಗಳನ್ನು ಅರ್ಜಿಯ ಜೊತೆ ಲಗತ್ತಿಸಬೇಕು.